ಫುಟ್‌ಬೋರ್ಡಿನ ಮೇಲೆ ನಿಂತ ಹುಡುಗಿ

ನಮ್ಮ ಅವ್ವನ ತವರುಮನೆ ಲಕ್ಷ್ಮೇಶ್ವರ. ಆ ಮನೆಯ ದೇವರ ಜಗಲಿಯ ಪಕ್ಕದ ಗೋಡೆಗೆ ಒಂದು ಫೋಟೋ ತೂಗುಹಾಕಿತ್ತು. ಮೇಲ್ಗಡೆ ಬಟ್ಟೆಯ ಹುಡ್ ಮಡಚಿದ ಒಂದು ಮೋಟಾರು. ಅದರ ಮುಂದೆ ರುಮಾಲು ಸುತ್ತಿ, ಕರಿಕೋಟು ತೊಟ್ಟು, ಕೋಲು ನುಂಗಿದವರಂತೆ ನೆಟ್ಟಗೆ ನಿಂತ ನಾಲ್ವರು ಗಂಡಸರು. ಹಿಂದಿನ ಸೀಟಿನಲ್ಲಿ ತಲೆತುಂಬ ಸೆರಗು ಹೊದ್ದ ಇಬ್ಬರು ಹೆಂಗಸರು. ಬದಿಯ ಫುಟ್‌ಬೋರ್ಡಿನ ಮೇಲೆ ಪರಕಾರ ಉಟ್ಟ ಒಂದು ಸಣ್ಣ ಹುಡುಗಿ. ಒಂದು ಕೈಯಲ್ಲಿ ಬಾಗಿಲ ಹಿಡಿಕೆ ಹಿಡಿದಿದ್ದಾಳೆ, ಇನ್ನೊಂದು ಕೈ ಅಲುಗಾಡಿ ಮಸುಕಾಗಿದೆ.

ಆ ಹುಡುಗಿಗೆ ಮುಖವಿಲ್ಲ. ಇದ್ದ ಮುಖ ಅಳಿಸಿಹೋಗಿದೆ. ಫೋಟೋದ ಗಾಜು ಎಂದೋ ಒಡೆದಿತ್ತು, ಯಾರೂ ಹೊಸದು ಹಾಕಿಸಲಿಲ್ಲ. ನಮ್ಮ ಆಯಿ, ಅಂದರೆ ಅವ್ವನ ತಾಯಿ, ಅಮಾವಾಸ್ಯೆಗೊಮ್ಮೆ ಪೂಜೆ ಮುಗಿಸಿದವಳೇ ಆ ಫೋಟೋದ ಹತ್ತಿರ ಹೋಗಿ ಹುಡುಗಿಯ ಮುಖ ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ವಿಭೂತಿಯ ಒದ್ದೆಗೈ. ವರ್ಷಗಟ್ಟಲೆ ಹಾಗೆ ಮುಟ್ಟಿ ಮುಟ್ಟಿ ಕಾಗದದ ಮೇಲಿನ ಲೇಪ ಕಿತ್ತು, ಮುಖವಿದ್ದಲ್ಲಿ ಒಂದು ಬಿಳಿ ಚಿಕ್ಕಿ ಉಳಿಯಿತು. ಆಯಿ ತೀರಿಕೊಂಡದ್ದು 1979ರಲ್ಲಿ. ನನಗಾಗ ಹನ್ನೊಂದು ವರ್ಷ. ಅದು ಯಾರೆಂದು ಆಯಿಯನ್ನು ಕೇಳುವ ಬುದ್ಧಿ ನನಗೆ ಬರಲಿಲ್ಲ.

ಅವ್ವನನ್ನು ಕೇಳಿದರೆ, “ಅದು ನಮ್ಮಕ್ಕ. ನಾ ಹುಟ್ಟೋಕಿಂತ ಮೊದ್ಲ ಹೋದಾಕಿ,” ಎನ್ನುತ್ತಿದ್ದಳು. ಮನೆಯ ಹಳೆಯ ಬರಹದ ಪ್ರಕಾರ ಆ ಅಕ್ಕ ಹುಟ್ಟಿದ್ದು ಕ್ರೋಧನ ಸಂವತ್ಸರ, ಅಂದರೆ 1925. ತೀರಿಕೊಂಡದ್ದು ಆಂಗಿರಸ, 1932. ಜ್ವರ ಬಂದು ಮೂರೇ ದಿನ. ಅವ್ವ ಹುಟ್ಟಿದ್ದು 1934ರಲ್ಲಿ. ಹೀಗಾಗಿ ಅವ್ವ ಆ ಅಕ್ಕನನ್ನು ಕಂಡದ್ದು ಆ ಬಿಳಿ ಚಿಕ್ಕಿಯಲ್ಲಿ ಮಾತ್ರ. ಆಕೆಯ ಹೆಸರನ್ನೇ ನನಗೆ ಇಟ್ಟಿದ್ದಾರೆ. ಮನೆಯಲ್ಲಿ ಐದನೆಯವಳಾದ ನನಗೆ ಆ ಹೆಸರು ಬಂದದ್ದು ಆಯಿಯ ಹಟದಿಂದಂತೆ.

ತಂಟೆ ಶುರುವಾದದ್ದು ಐದಾರು ವರ್ಷಗಳ ಹಿಂದೆ. ಶಿರಹಟ್ಟಿಯಲ್ಲಿ ನೆಲೆಸಿದ ನಮ್ಮ ದೊಡ್ಡಜ್ಜನ ಮೊಮ್ಮಗ, ನಿವೃತ್ತ ಎಂಜಿನಿಯರ್, ಮನೆತನದ ವಂಶಾವಳಿ ಅಚ್ಚು ಹಾಕಿಸಲು ಹೊರಟರು. ವರಸೆಯಲ್ಲಿ ಮಾವ ಆಗಬೇಕು. ನಾನು ಮಾಮಾ ಎಂದೇ ಕರೆಯುವುದು. ಗದಗ ಎಂದರೆ ಮೊದಲಿನಿಂದಲೂ ಮುದ್ರಣಕ್ಕೆ ಹೆಸರಾದ ಊರು, ಮನೆತನದ ಪುಸ್ತಕ ಅಚ್ಚು ಹಾಕಿಸುವುದು ಇಲ್ಲಿ ದೊಡ್ಡ ಮಾತಲ್ಲ. ಮೊದಲ ಪುಟಕ್ಕೆ ಈ ಮೋಟಾರಿನ ಫೋಟೋ ಎಂದು ನಿರ್ಧಾರವಾಯಿತು. ಅದರ ಕೆಳಗೆ ಮಾಮಾ ಬರೆದದ್ದು: ‘1918. ಸ್ವಂತ ಫೋರ್ಡ್ ಕಾರಿನೊಂದಿಗೆ ಹಿರಿಯರು.’ ಹುಡುಗಿಯ ಜಾಗಕ್ಕೆ ಅವರು ಕೊಟ್ಟ ಹೆಸರು ಅಜ್ಜಂದಿರ ಕಿರಿಯ ತಂಗಿಯದು. ಆಕೆ ಪರಿಧಾವಿ ಸಂವತ್ಸರದಲ್ಲಿ, 1912ರಲ್ಲಿ ಹುಟ್ಟಿ, ಧಾರವಾಡಕ್ಕೆ ಮದುವೆಯಾಗಿ ಹೋಗಿ, ಮಕ್ಕಳು ಮೊಮ್ಮಕ್ಕಳನ್ನು ಕಂಡು ತುಂಬುಬಾಳು ಬಾಳಿದವಳು.

ಅವ್ವ ಕೈಯಲ್ಲಿ ಆ ಕರಡು ಹಿಡಿದು ಬಹಳ ಹೊತ್ತು ಕುಳಿತಿದ್ದಳು. ವಂಶವೃಕ್ಷದಲ್ಲಿ ಅಕ್ಕನ ಹೆಸರಿಲ್ಲ. ಮದುವೆಯಾಗದೆ ಸತ್ತ ಹೆಣ್ಣುಮಕ್ಕಳನ್ನು ಅದರಲ್ಲಿ ಸೇರಿಸಿರಲಿಲ್ಲ. ಈಗ ಫೋಟೋದಲ್ಲಿಯೂ ಇಲ್ಲವೆಂದಾಯಿತು.

“ಅತ್ತಿ, ನಿಮ್ಮವ್ವ ಕೈಲೆ ಮುಟ್ಟಿದ್ಲು ಅನ್ನೋದು ಪುರಾವೆ ಅಲ್ರೀ,” ಎಂದರು ಮಾಮಾ. ಒರಟು ಮನುಷ್ಯರಲ್ಲ, ಲೆಕ್ಕದ ಮನುಷ್ಯರು. ನಾನು ಇತಿಹಾಸ ಕಲಿಸುವವಳು. ಒಂಬತ್ತನೆಯ ತರಗತಿಯಲ್ಲಿ ಆಧಾರಗಳ ಪಾಠ ಮಾಡುವಾಗ ಇದೇ ಮಾತನ್ನು ನಾನೂ ಹೇಳಿದ್ದೇನೆ. ನನಗೆ ಬಾಯಿ ಇಲ್ಲದಾಯಿತು.

ಮುಖ ಅಳಿಸಿದೆ, ಉಳಿದದ್ದು ಮೋಟಾರು. ಅದನ್ನೇ ಕೇಳೋಣವೆಂದು ಹೊರಟೆ.

ಮೋಟಾರಿನ ವಿಷಯದಲ್ಲಿ ನಾನು ಪೂರ್ತಿ ಹೊಸಬಳಾಗಿರಲಿಲ್ಲ. ಅದಕ್ಕೂ ಕೆಲವು ವರ್ಷ ಮೊದಲು ಮಕ್ಕಳಿಗೆ ಮನೆಯ ಹಳೆಯ ಫೋಟೋ ತರಲು ಹೇಳಿದ್ದೆ. ನಲವತ್ತು ಮಕ್ಕಳಲ್ಲಿ ಹನ್ನೊಂದು ಮಂದಿ ತಂದರು. ಅದರಲ್ಲಿ ನಾಲ್ಕರಲ್ಲಿ ಗಾಡಿ ಇತ್ತು. ನಮ್ಮ ಜನ ಮೊದಲು ದೇವರ ಮುಂದೆ, ಆಮೇಲೆ ಮೋಟಾರಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡವರು. ಒಬ್ಬ ಹುಡುಗ ತಂದ ಚಿತ್ರದಲ್ಲಿ ಅವನ ಮುತ್ಯಾ ಸ್ಟಿಯರಿಂಗ್ ಹಿಡಿದು ಗಂಭೀರವಾಗಿ ಕುಳಿತಿದ್ದ. ಗಾಲಿಗಳನ್ನು ನೋಡಿದೆ. ದಪ್ಪವೇ ಇಲ್ಲ! ಜಾತ್ರೆಯ ಫೋಟೋದವನು ಹಲಗೆಯ ಮೇಲೆ ಬಣ್ಣ ಬಳಿದ ಗಾಡಿ ಅದು. ಹಿಂದೆ ಸ್ಟೂಲು ಇಟ್ಟು ಕೂರಿಸಿದ್ದಾರೆ. ಹುಡುಗ ಮುಖ ಸಣ್ಣದು ಮಾಡಿದ. “ಫಕೀರೇಶ್ವರ ಜಾತ್ರ್ಯಾಗ ತೆಗಿಸಿದ್ದಂತ್ರೀ ಅಕ್ಕೋರ, ಆದ್ರ ಗಾಡಿ ಖರೇ ಅಂದ್ಕೊಂಡಿದ್ದೆ,” ಎಂದ.

ಅದೇ ಸುಮಾರಿಗೆ ಬೆಟಗೇರಿಯಲ್ಲಿ ಒಬ್ಬ ವಿದ್ಯಾರ್ಥಿನಿಯ ಮನೆಗೆ ಹೋಗಿದ್ದೆ. ನೇಕಾರರ ಮನೆ. ಕುಣಿಮಗ್ಗದ ಹಗ್ಗಕ್ಕೆ ಭಾರವೆಂದು ಇಳಿಬಿಟ್ಟ ಕಬ್ಬಿಣದ ತುಂಡೊಂದು ಕಣ್ಣಿಗೆ ಬಿತ್ತು. ಅಂಗೈಯಷ್ಟು ಪಾದ, ಅದಕ್ಕೊಂದು ಬಾಗಿದ ದಂಡ. ಪಾದದ ಮೇಲೆ ಇಂಗ್ಲಿಷಿನ ‘ಆರ್’ ಅಕ್ಷರ ಎರಕದಲ್ಲೇ ಮೂಡಿತ್ತು. ಅವರ ಮುತ್ಯಾನ ಹೆಸರಿನ ಮೊದಲ ಅಕ್ಷರವದು, ಆತನೇ ಬಡಿಗೇರನ ಹತ್ತಿರ ಮಾಡಿಸಿದ್ದು ಎಂಬುದು ಮನೆಯವರ ನಂಬಿಕೆ. ಅದರ ಮರ್ಮ ಬಿಡಿಸಿದವರು ಬೆಟಗೇರಿಯ ಒಬ್ಬ ಹಳೆಯ ಮೋಟಾರು ಮಿಸ್ತ್ರಿ. ಎಂಬತ್ತು ದಾಟಿದವರು, ಕೈ ನಡುಗಿದರೂ ಕಣ್ಣು ಚುರುಕು. ಫೋರ್ಡ್ ಕಂಪನಿಯ ‘ಮಾಡೆಲ್ ಟಿ’ ಗಾಡಿಗೆ ಕಾಲಿನಲ್ಲಿ ತುಳಿಯುವ ಮೂರು ಪೆಡಲ್. ಒಂದರ ಮೇಲೆ ‘ಸಿ’, ಅದು ಕ್ಲಚ್. ನಡುವಿನದರ ಮೇಲೆ ‘ಆರ್’, ಅದನ್ನು ಒತ್ತಿದರೆ ಗಾಡಿ ಹಿಂದಕ್ಕೆ ಹೋಗುತ್ತದೆ. ಮೂರನೆಯದು ‘ಬಿ’, ಬ್ರೇಕ್. ವೇಗ ಹೆಚ್ಚು ಕಡಿಮೆ ಮಾಡುವುದು ಸ್ಟಿಯರಿಂಗ್ ಕೆಳಗಿನ ಕೈಕಡ್ಡಿಯಿಂದ. ಸೀಟಿನ ಕೆಳಗಿನ ಟಾಕಿಯಿಂದ ಪೆಟ್ರೋಲು ತಾನಾಗಿ ಇಳಿದು ಎಂಜಿನ್ನಿಗೆ ಬರಬೇಕು, ಪಂಪು ಇಲ್ಲ. ಹೀಗಾಗಿ ಕಡಿದಾದ ಏರಿನಲ್ಲಿ ಟಾಕಿ ತಗ್ಗಾಗಿ ಎಂಜಿನ್ ನಿಂತುಬಿಡುತ್ತಿತ್ತು. ಗೊತ್ತಿದ್ದವರು ಗಾಡಿ ತಿರುಗಿಸಿ ಹಿಮ್ಮುಖವಾಗಿ ಏರು ಹತ್ತಿಸುತ್ತಿದ್ದರು. ಕಪ್ಪತಗುಡ್ಡದ ಬದಿಯ ದಾರಿಯಲ್ಲಿ ರುಮಾಲಿನ ಸಾಹುಕಾರರು ಊರಿಗೆ ಬೆನ್ನು ತೋರಿಸಿಕೊಂಡು ಏರುವುದನ್ನು ನೆನೆಸಿಕೊಂಡರೆ ನನಗೆ ಈಗಲೂ ನಗು ಬರುತ್ತದೆ.

1908ರಿಂದ 1927ರವರೆಗೆ ಈ ಟಿ ಗಾಡಿಗಳು ಒಂದೂವರೆ ಕೋಟಿ ತಯಾರಾದವು. ನಮ್ಮ ದೇಶಕ್ಕೆ ಬರುತ್ತಿದ್ದವು ಬಲಗಡೆ ಸ್ಟಿಯರಿಂಗ್ ಇರುವ, ಕೆನಡಾದಲ್ಲಿ ಕಟ್ಟಿದ ಗಾಡಿಗಳು. ಅಂಥದೊಂದರ ಪೆಡಲು ಬೆಟಗೇರಿಯ ಮಗ್ಗಕ್ಕೆ ಬಂದು ನೇತುಬಿದ್ದಿದೆ. ಆ ಮನೆಯವರಿಗೆ ನಾನು ಸತ್ಯ ಹೇಳಿದೆನೇ? ಹೇಳಿದೆ. ಮನೆಯ ಹಿರಿಯ ನಕ್ಕು, “ಇರ್ಲಿ ಬಿಡ್ರಿ ಅಕ್ಕೋರ, ಭಾರಕ್ಕೇನ ಮೋಸ ಇಲ್ಲ,” ಎಂದು ಮತ್ತೆ ಲಾಳಿ ಎಸೆಯತೊಡಗಿದ.

ಎಲ್ಲರೂ ಹಾಗೆ ನಗುವುದಿಲ್ಲ. ಇದನ್ನು ಹೇಳಲೇಬೇಕು.

ನನ್ನ ಗಂಡನ ಮನೆ ಮುಂಡರಗಿ. ಮುಂಡರಗಿ ಮುಂಬಯಿ ಪ್ರಾಂತದ ಅಂಚಿನ ಊರು. ಅದರಾಚೆಯ ಕೊಪ್ಪಳ ನಿಜಾಮನ ಸೀಮೆ. 1947-48ರಲ್ಲಿ ರಜಾಕಾರರ ಹಾವಳಿಯ ದಿನಗಳಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳತನದಲ್ಲಿ ಮುಂಡರಗಿಯಲ್ಲಿ ಹೋರಾಟದ ಶಿಬಿರ ನಡೆಯಿತು. ನಮ್ಮ ಮಾವನವರು ಆಗ ಹರೆಯದ ಹುಡುಗ. ಮನೆಯ ಪಡಸಾಲೆಯಲ್ಲಿ ಅವರು ಜೀಪಿನ ಬಾನೆಟ್ಟಿಗೆ ಮೊಣಕೈ ಊರಿ ನಿಂತ ಫೋಟೋ ಇತ್ತು. ‘ಶಿಬಿರದಾಗಿನ ಜೀಪು’ ಎಂದು ಬಂದವರಿಗೆಲ್ಲ ತೋರಿಸುವುದು ಪದ್ಧತಿ. ಪೆಡಲಿನ ವಿದ್ಯೆ ತಲೆಗೇರಿದ್ದ ದಿನಗಳು. ನಾನು ಒಂದು ಅಮಾವಾಸ್ಯೆಯ ಊಟದ ಹೊತ್ತಿನಲ್ಲಿ ಆ ಫೋಟೋ ಇಳಿಸಿ ನೋಡಿದೆ. ಯುದ್ಧಕಾಲದ ಜೀಪಿಗೆ ಮುಂದಿನ ಜಾಲರಿಯಲ್ಲಿ ಒಂಬತ್ತು ಸೀಳು, ಬಾನೆಟ್ಟು ತಗ್ಗು. ಯುದ್ಧ ಮುಗಿದ ಮೇಲೆ ಬಂದ ನಾಗರಿಕರ ಜೀಪಿಗೆ ಏಳು ಸೀಳು. ನಮ್ಮ ಫೋಟೋದ ಜೀಪಿಗೆ ಬಾನೆಟ್ಟು ಎತ್ತರ, ಎದೆ ಉಬ್ಬಿಸಿದ ಹಾಗೆ. ಒಳಗಿನ ಎಂಜಿನ್ ಎತ್ತರವಾದದ್ದಕ್ಕೆ ಬಾನೆಟ್ಟನ್ನು ಎತ್ತರಿಸಿದ ಆ ಜೀಪು ಅಮೆರಿಕದಲ್ಲೇ ಹೊರಬಂದದ್ದು 1953ರಲ್ಲಿ. ನಮ್ಮಲ್ಲಿ ಮಹೀಂದ್ರಾದವರು ಅದನ್ನು ಮಾಡಿದ್ದು ಅದಕ್ಕೂ ಆಮೇಲೆ. ಅದು 1948ರ ಶಿಬಿರದಲ್ಲಿ ಇರಲು ಸಾಧ್ಯವೇ ಇಲ್ಲ. ಇದನ್ನು ನಾನು ಹತ್ತು ಜನರ ಎದುರು, ಪಾಠ ಒಪ್ಪಿಸಿದ ಹಾಗೆ, ಹೇಳಿಬಿಟ್ಟೆ.

ಪಡಸಾಲೆಯಲ್ಲಿ ಸದ್ದಿಲ್ಲ. ಅತ್ತೆ ಹೋಳಿಗೆ ಬಡಿಸುತ್ತಿದ್ದ ಕೈ ನಿಲ್ಲಿಸಿದರು. ಮೈದುನ ತಟ್ಟೆ ಬಿಟ್ಟು ಎದ್ದ. ಮಾವನವರು ಮಾತ್ರ ತುಪ್ಪ ಕಲಸುತ್ತ, “ಜೀಪ ಅಂತ ನಾ ಎಂದ ಹೇಳಿದ್ದೆ? ನೀವ ಹೇಳ್ಕೊಂತ ಬಂದ್ರಿ. ಅದು ಎಲೆಕ್ಷನ್ನಿನ ಗಾಡಿ. ಶಿಬಿರಕ್ಕ ನಾ ರೊಟ್ಟಿ ಗಂಟು ಹೊತ್ಕೊಂಡು ನಡಕೊಂತ ಹೋಗಿದ್ದೆ,” ಎಂದರು. ಎಷ್ಟೋ ರಾತ್ರಿ, ಎರಿ ಹೊಲದ ಕೆಸರಿನಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು. ಆ ದಿನ ಮೊದಲ ಸಲ ಅವರು ಅದನ್ನೆಲ್ಲ ಹೇಳಿದರು. ಜೀಪಿನ ನೆರಳಿನಲ್ಲಿ ರೊಟ್ಟಿಯ ಗಂಟು ಐವತ್ತು ವರ್ಷ ಮುಚ್ಚಿಹೋಗಿತ್ತು. ಆದರೂ ಮೈದುನ ನನ್ನೊಡನೆ ಮಾತಾಡಲು ದೀಪಾವಳಿ ಬರಬೇಕಾಯಿತು. ಫೋಟೋದಲ್ಲಿ ಗಾಡಿ ಗುರುತಿಸುವುದು ನಿರುಪದ್ರವಿ ಹವ್ಯಾಸವೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಇಷ್ಟು ಪೆಟ್ಟು ತಿಂದವಳು ಲಕ್ಷ್ಮೇಶ್ವರದ ಫೋಟೋಕ್ಕೆ ಕೈಹಚ್ಚಲು ಹೆದರಿದ್ದು ಸಹಜ. ಮೋಟಾರು ಮಾಮಾ ಹೇಳಿದ ಕಾಲದ್ದೇ ಎಂದಾದರೆ ಅವ್ವನಿಗೆ ಏನು ಹೇಳಲಿ?

ಫೋಟೋವನ್ನು ಚೌಕಟ್ಟಿನಿಂದ ಬಿಡಿಸಿ, ಸೀರೆಯ ಪದರಿನಲ್ಲಿ ಸುತ್ತಿ ಬಸ್ಸಿನಲ್ಲಿ ಗದಗಕ್ಕೆ ತಂದೆ. ಸುಮಾರು 40 ಕಿಲೋಮೀಟರು ತೊಡೆಯ ಮೇಲೇ ಇತ್ತು. ನಾವು ಮೂವರೂ, ನಾನು, ಮಾಮಾ ಮತ್ತು ಮಿಸ್ತ್ರಿ, ಸ್ಟೇಶನ್ ರಸ್ತೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಸೇರಿದೆವು. ಅಂಗಡಿಯ ಹುಡುಗ ಅದನ್ನು ಸ್ಕ್ಯಾನ್ ಮಾಡಿ ಪರದೆಯ ಮೇಲೆ ದೊಡ್ಡದು ಮಾಡಿದ.

ಕಷ್ಟವೇನೆಂದರೆ ಗಾಡಿಯ ಮುಂಭಾಗವನ್ನೆಲ್ಲ ನಮ್ಮ ಹಿರಿಯರ ಕೋಟುಗಳು ಮುಚ್ಚಿದ್ದವು. ನಂಬರ್ ಪ್ಲೇಟು ಕಾಣುವುದಿಲ್ಲ. ಕಂಡಿದ್ದರೆ ಅರ್ಧ ಕೆಲಸ ಮುಗಿಯುತ್ತಿತ್ತು. ಏಕೆಂದರೆ ನಮ್ಮ ಈ ಸೀಮೆ ಆಗ ಚಿಂದಿ ಚಿಂದಿ. ಗದಗ ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿದ್ದು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಹಿರಿಯ ಮಿರಜ ಸಂಸ್ಥಾನದ್ದು. ಗದಗದಿಂದ ಶಿರಹಟ್ಟಿಯ ಮೇಲೆ ಹಾಯ್ದು ಲಕ್ಷ್ಮೇಶ್ವರಕ್ಕೆ ಹೋದರೆ ಒಂದು ಹೊತ್ತಿನ ದಾರಿಯಲ್ಲಿ ಮೂರು ರಾಜ್ಯಭಾರ ದಾಟಿದಂತೆ. 1948ರಲ್ಲಿ ದಕ್ಷಿಣದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೂ ಹೀಗೇ. ಸಂಸ್ಥಾನದ ಗಾಡಿಗೆ ಸಂಸ್ಥಾನದ ಗುರುತು. ಪ್ಲೇಟಿನಲ್ಲಿ ‘ಬಿಎಂ’ ಎಂದು ಶುರುವಾಗಿದ್ದರೆ ಅದು ಮುಂಬಯಿ ಪ್ರಾಂತದ್ದು, 1939ರ ಮೋಟಾರು ಕಾಯ್ದೆಯ ನಂತರದ್ದು. ‘ಎಂವೈ’ ಇದ್ದರೆ ನಮ್ಮ ಕಡೆಗೆ 1956ರ ಏಕೀಕರಣದ ಆಮೇಲಿನದ್ದು. ‘ಕೆಎ’ ಬಂದದ್ದು 1989ರಲ್ಲಿ. ಈಗ ಗದಗ ಜಿಲ್ಲೆಯ ಗಾಡಿಗಳಿಗೆ 26. ನೋಡಿ, ನಂಬರ್ ಪ್ಲೇಟಿನಲ್ಲೇ ನಮ್ಮ ರಾಜಕೀಯ ಇತಿಹಾಸ ಇದೆ. ಆದರೆ ನಮ್ಮ ದೊಡ್ಡಜ್ಜನ ಧೋತರ ಅದರ ಮೇಲೆ ಇಳಿಬಿದ್ದಿದೆ.

ಬಣ್ಣವೂ ಸಹಾಯಕ್ಕೆ ಬರಲಿಲ್ಲ. ಟಿ ಗಾಡಿ 1914ರಿಂದ 1925ರವರೆಗೆ ಕಪ್ಪೊಂದೇ ಬಣ್ಣದಲ್ಲಿ ಬರುತ್ತಿತ್ತೆಂಬುದು ಪ್ರಸಿದ್ಧ. ನಮ್ಮ ಫೋಟೋದ ಗಾಡಿ ಕಪ್ಪೇ ಕಾಣುತ್ತದೆ. “ಮತ್ತ!” ಎಂದರು ಮಾಮಾ. ಆದರೆ ಅಂದಿನ ಫೋಟೋ ಗಾಜುಗಳಿಗೆ ಕೆಂಪು ಬಣ್ಣ ಹಿಡಿಯುತ್ತಿರಲಿಲ್ಲ. ಕೆಂಪೆಲ್ಲ ಕಪ್ಪಾಗಿ ಬರುತ್ತಿತ್ತು. ಹಿಂದಿನ ಸೀಟಿನಲ್ಲಿರುವ ಆಯಿಯ ಹಣೆಯ ಕುಂಕುಮ ಮಸಿ ಬೊಟ್ಟಿನಂತೆ ಕಾಣುವುದೂ ಅದಕ್ಕೇ. ಗಾಡಿ ಕೆಂಪಿದ್ದರೂ ಕಪ್ಪೇ.

ಉಳಿದದ್ದು ಒಂದು ಗಾಲಿ, ಒಂದು ದೀಪ, ಇಬ್ಬರ ರುಮಾಲುಗಳ ನಡುವೆ ಇಣುಕುವ ರೇಡಿಯೇಟರಿನ ನೆತ್ತಿ.

ಗಾಲಿ ತಂತಿಯ ಕಡ್ಡಿಗಳದು. ಟಿ ಗಾಡಿಗೆ ಸಾಮಾನ್ಯವಾಗಿ ಕಟ್ಟಿಗೆಯ ಅರಗಳ ಗಾಲಿ, ನಮ್ಮ ಟಾಂಗಾದ ಗಾಲಿಯ ದಾಯಾದಿ. ನಾನು ಗೆದ್ದೆನೆಂದುಕೊಂಡೆ. ಮಿಸ್ತ್ರಿ ತಲೆ ಅಲ್ಲಾಡಿಸಿದರು. “ಅವಸರ ಮಾಡಬ್ಯಾಡ್ರಿ ಅಕ್ಕೋರ. ಟಿ ಗಾಡಿ ಕಡೀ ಎರಡು ವರ್ಷ, ಇಪ್ಪತ್ತಾರು ಇಪ್ಪತ್ತೇಳರಾಗ, ಬೇಕಂದವ್ರಿಗೆ ತಂತಿ ಗಾಲಿನೂ ಕೊಟ್ಟಾರ.” ಅಂದರೆ ಗಾಡಿ 1918ರದ್ದಲ್ಲ ಎಂಬುದಷ್ಟು ನಿಂತಿತು. ಆದರೆ ಹಳೆಯ ಗಾಡಿಗೆ ಯಾರೋ ಆಮೇಲೆ ಹೊಸ ಗಾಲಿ ಹಾಕಿಸಿರಬಾರದೇಕೆ ಎಂದು ಮಾಮಾ ಕೇಳಿದರು. ನ್ಯಾಯವಾದ ಪ್ರಶ್ನೆ. ಎಂಜಿನಿಯರ್ ಎದುರಾಳಿಯಾದರೆ ಇದೊಂದು ಅನುಕೂಲ, ಅವರು ಸುಮ್ಮನೆ ಜಗಳವಾಡುವುದಿಲ್ಲ.

ಹುಡುಗ ರೇಡಿಯೇಟರಿನ ನೆತ್ತಿಯನ್ನು ಇನ್ನೂ ದೊಡ್ಡದು ಮಾಡಿದ. ಟಿ ಗಾಡಿಯ ರೇಡಿಯೇಟರಿನ ಮೇಲಂಚು ನೇರ, ಹಲಗೆಯಂತೆ. ಈ ಗಾಡಿಯದು ಹೊಳೆಯುತ್ತಿತ್ತು. ನಡುವೆ ಕೆಳಗೆ ಇಳಿದು, ಎರಡು ಹುಬ್ಬು ಕೂಡಿದ ಹಾಗೆ ಒಂದು ಕೊಂಕು, ಆ ಕೊಂಕಿನಲ್ಲಿ ಮೊಟ್ಟೆಯಾಕಾರದ ಬಿಲ್ಲೆ. ಮಿಸ್ತ್ರಿ ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡರು. ಆಮೇಲೆ ಎಡಗಡೆಯ ದೊಡ್ಡಜ್ಜನ ಮೊಣಕಾಲಿನ ಪಕ್ಕ ಬೆರಳಿಟ್ಟು, “ಇದೇನು?” ಎಂದರು. ನಾನು ಇಷ್ಟು ವರ್ಷ ಅದನ್ನು ಅಜ್ಜನ ಕೈಕೋಲಿನ ತುದಿ ಎಂದು ತಿಳಿದಿದ್ದೆ. ನೋಡಿದರೆ ಕೋಲು ಎರಡಿವೆ, ಒಂದರ ಕೆಳಗೊಂದು, ಅಡ್ಡಡ್ಡ. ತುದಿಯಲ್ಲಿ ದುಂಡಗೆ ಬಾಗಿ ಕೂಡಿವೆ. ಬಂಪರ್! ಎರಡು ಪಟ್ಟಿಯ ಉಕ್ಕಿನ ಬಂಪರ್.

“ಮಾಡೆಲ್ ಎ,” ಎಂದರು ಮಿಸ್ತ್ರಿ. “ಟಿ ಅಲ್ಲ. ಇದು ಎ.”

ಹತ್ತೊಂಬತ್ತು ವರ್ಷ ಒಂದೇ ಗಾಡಿ ಮಾರಿದ ಮೇಲೆ ಫೋರ್ಡ್ ಕಂಪನಿ ಟಿ ನಿಲ್ಲಿಸಿ, 1927ರ ಡಿಸೆಂಬರಿನಲ್ಲಿ ಎ ಗಾಡಿಯನ್ನು ಹೊರತಂದಿತು. ನಾಲ್ಕೂ ಗಾಲಿಗೆ ಬ್ರೇಕು, ಇಂದಿನಂತೆ ಕ್ಲಚ್ಚು-ಬ್ರೇಕು-ಆಕ್ಸಿಲೇಟರ್, ತಂತಿ ಗಾಲಿ, ಎರಡು ಪಟ್ಟಿಯ ಬಂಪರ್, ಎಂಜಿನ್ನಿನ ಹಿಂದೆ ಎತ್ತರದಲ್ಲಿಟ್ಟ ಪೆಟ್ರೋಲ್ ಟಾಕಿ. ಸಾಹುಕಾರರು ಇನ್ನು ಮುಖ ಮುಂದೆ ಮಾಡಿಕೊಂಡೇ ಏರು ಹತ್ತಬಹುದಾಯಿತು. 1931ರವರೆಗೆ ಸುಮಾರು 48 ಲಕ್ಷ ಗಾಡಿ. 1926ರಲ್ಲೇ ಫೋರ್ಡ್ ಭಾರತದಲ್ಲಿ ಕಂಪನಿ ತೆರೆದಿದ್ದರಿಂದ ಹೊಸ ಗಾಡಿ ಇಲ್ಲಿಗೆ ಬರಲು ತಡವಾಗಲಿಲ್ಲ. ಮೊದಲೆರಡು ವರ್ಷದ ಗಾಲಿ 21 ಇಂಚಿನದು, 1930ರಿಂದ 19. ಮಿಸ್ತ್ರಿ ಪರದೆಯ ಮೇಲೆ ಸ್ಕೇಲು ಹಿಡಿದು ಗಾಲಿಯನ್ನೂ ಬಾಗಿಲನ್ನೂ ಅಳೆದು, ದೊಡ್ಡ ಗಾಲಿಯೇ ಎಂದರು. ಅಷ್ಟು ಸೂಕ್ಷ್ಮವನ್ನು ಮಸುಕು ಫೋಟೋದಿಂದ ಹೇಳಬಹುದೇ ಎಂದು ನನಗೆ ಅನುಮಾನ, ಅದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಇಷ್ಟಾದರೂ ಕೆಲಸ ಮುಗಿಯಲಿಲ್ಲ. ಗಾಡಿ ಹೇಳುವುದು ‘ಇದಕ್ಕಿಂತ ಮೊದಲಲ್ಲ’ ಎಂದು ಮಾತ್ರ. 1928ರ ಗಾಡಿಯ ಮುಂದೆ 1940ರಲ್ಲೂ ನಿಂತು ಫೋಟೋ ತೆಗೆಸಬಹುದು. ಧಾರವಾಡದ ಅತ್ತಿಗೆ 1928ರಲ್ಲಿ ಹದಿನಾರು, ಆಗಲೇ ಮದುವೆಯಾಗಿತ್ತು. ಹಾಗಾಗಿ ಪರಕಾರದ ಹುಡುಗಿ ಆಕೆಯಲ್ಲ. ಆದರೆ ಆಮೇಲೆ ಹುಟ್ಟಿದ ಬೇರೆ ಹುಡುಗಿ ಇರಬಹುದಲ್ಲ? ಅದಕ್ಕೆ ಉತ್ತರ ಕೊಟ್ಟವರು ಮಾಮಾ ಅವರೇ. ನಂಬರ್ ಪ್ಲೇಟು ಮುಚ್ಚಿ ನಿಂತ ದೊಡ್ಡಜ್ಜನನ್ನು ಬಹಳ ಹೊತ್ತು ನೋಡಿ, “ನಮ್ಮ ಮುತ್ಯಾ ತೀರಿಕೊಂಡದ್ದು ಪ್ರಮೋದೂತ ಸಂವತ್ಸರ, ಶ್ರಾವಣ. ಅಂದ್ರ ಸಾವಿರದ ಒಂಬೈನೂರ ಮೂವತ್ತು,” ಎಂದರು. ಅಂಗಡಿಯಲ್ಲಿ ಫ್ಯಾನಿನ ಸದ್ದಷ್ಟೇ. 1928ರಿಂದ 1930. ಆ ಮೂರು ವರ್ಷಗಳಲ್ಲಿ ಆ ಮನೆಯಲ್ಲಿ ಫುಟ್‌ಬೋರ್ಡಿನ ಮೇಲೆ ನಿಲ್ಲುವ ವಯಸ್ಸಿನ ಹೆಣ್ಣುಮಗು ಒಂದೇ.

ಮಾಮಾ ಅಲ್ಲಿಗೆ ಬಿಡಬಹುದಿತ್ತು, ಬಿಡಲಿಲ್ಲ. ಲಕ್ಷ್ಮೇಶ್ವರದ ಮನೆಯ ಅಟ್ಟದ ಮೇಲೆ ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ಕೀರ್ದಿ ವಹಿಗಳ ಗಂಟುಗಳಿದ್ದವು, ನಲವತ್ತು ವರ್ಷಗಳ ಲೆಕ್ಕ, ಎಲ್ಲ ಮೋಡಿ ಲಿಪಿಯಲ್ಲಿ. ಮೋಡಿ ಓದುವವರು ಊರಲ್ಲಿ ಒಬ್ಬರೇ ಉಳಿದಿದ್ದರು; ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಅವರ ಕಣ್ಣು ತಾಳದು. ನಲವತ್ತು ವರ್ಷ ಓದಿಸುವುದು ಆಗದ ಮಾತು. ಈಗ ಮೂರೇ ವಹಿ ನೋಡಿದರೆ ಸಾಕಾಯಿತು. ಐದನೆಯ ದಿನ ಸಿಕ್ಕಿತು. ಶುಕ್ಲ ಸಂವತ್ಸರ, ವೈಶಾಖ, ಅಂದರೆ 1929ರ ಮೇ ಸುಮಾರು. ಒಂದೇ ದಿನದ ಕೆಳಗೆ ಎರಡು ಖರ್ಚು. ಒಂದು, ‘ಫೋಟೋದವಗೆ’. ಇನ್ನೊಂದು, ‘ಯಲವಿಗಿ ಸ್ಟೇಶನ್ ಹೋಗಿ ಬರಲು ಮೋಟಾರ ಬಾಡಿಗೆ’.

ಲಕ್ಷ್ಮೇಶ್ವರಕ್ಕೆ ರೈಲಿಲ್ಲ. ರೈಲು ಗದಗಕ್ಕೆ 1884ರಲ್ಲೇ ಬಂದಿತ್ತು. ನಮ್ಮೂರಿನವರು ಹುಬ್ಬಳ್ಳಿಯ ಕಡೆಗಿನ ರೈಲಿಗೆ ಯಲವಿಗಿಗೆ ಹೋಗಬೇಕು. ಮದುವೆಯ ಬೀಗರನ್ನು ಕರೆತರಲು ಬಾಡಿಗೆ ಮೋಟಾರು ಮಾಡಿದ್ದಾರೆ. ಬಂದ ಮೋಟಾರನ್ನು ಸುಮ್ಮನೆ ಬಿಡುವುದೇ? ಎಲ್ಲರೂ ರುಮಾಲು ಸುತ್ತಿಕೊಂಡಿದ್ದಾರೆ. ಹೌದು, ಫೋಟೋದ ಬಲಗಡೆಯ ಅಂಚಿನಲ್ಲಿ, ಖಾಕಿ ಕೋಟು ತೊಟ್ಟು, ಮಡ್‌ಗಾರ್ಡಿನ ಮೇಲೆ ಕೈಯಿಟ್ಟು ಒಬ್ಬಾತ ನಿಂತಿದ್ದಾನೆ. ಅವನನ್ನು ನಾವೆಲ್ಲ ಆಳು ಎಂದೇ ತಿಳಿದಿದ್ದೆವು. ಗಾಡಿ ಅವನದು, ಅಥವಾ ಅವನ ಧಣಿಯದು. ಅವನೊಬ್ಬನೇ ಫೋಟೋದವನ ಕಡೆ ನೋಡದೆ, ಫುಟ್‌ಬೋರ್ಡಿನ ಮೇಲಿನ ಹುಡುಗಿ ಬಿದ್ದಾಳೆಂದು ಆ ಕಡೆಗೇ ನೋಡುತ್ತಿದ್ದಾನೆ.

‘ಸ್ವಂತ ಫೋರ್ಡ್ ಕಾರು’ ಹೋಯಿತು. ಹತ್ತಿಯ ದುಡ್ಡಿನ ಕಥೆಯೂ ಹೋಯಿತು. ಮೊದಲ ಮಹಾಯುದ್ಧದ ಕೊನೆಗೆ ಗದಗ ಪೇಟೆಯಲ್ಲಿ ಹತ್ತಿಯ ಧಾರಣೆ ಏರಿದ್ದು ನಿಜ, ಆ ಏರಿಕೆಯಲ್ಲಿ ಮೋಟಾರು ಕೊಂಡವರಿದ್ದದ್ದೂ ನಿಜ, ಅವರಲ್ಲಿ ನಾವಿರಲಿಲ್ಲ. ಮಾಮಾ ಎರಡು ದಿನ ಫೋನು ಮಾಡಲಿಲ್ಲ. ಮೂರನೆಯ ದಿನ ಮಾಡಿದಾಗ ಅವರು ಕೇಳಿದ್ದು ಒಂದೇ: “ಆ ಹುಡುಗಿ ಹೆಸರು ನಿನ್ನ ಹೆಸರs ಅಲ್ಲೇನು? ಸ್ಪೆಲ್ಲಿಂಗ್ ಹ್ಯಾಂಗ ಬರೀಲಿ, ಹಳೇ ವಹಿಯಾಗ ಇದ್ದಂಗೋ, ನೀ ಬರಿಯೂ ಹಂಗೋ?” ವಹಿಯಲ್ಲಿ ಇದ್ದಂತೆ ಎಂದೆ. ವಂಶವೃಕ್ಷದ ಹಾಳೆ ಆಗಲೇ ಅಚ್ಚಾಗಿತ್ತು. ಮಾಮಾ ಪ್ರೆಸ್ಸಿನವರಿಂದ ಸಣ್ಣ ಚೀಟಿ ಅಚ್ಚು ಹಾಕಿಸಿ, ಮುನ್ನೂರು ಪ್ರತಿಗೂ ಮನೆಯವರನ್ನೆಲ್ಲ ಕೂರಿಸಿ ಅಂಟಿಸಿದರು. ನಮ್ಮ ಪ್ರತಿಯಲ್ಲಿ ಅದು ಸ್ವಲ್ಪ ಸೊಟ್ಟಗಿದೆ.

ಫೋಟೋವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಅವ್ವನಿಗೆ ಕೊಡಬೇಕೆಂದು ಮತ್ತೆ ಕಂಪ್ಯೂಟರ್ ಅಂಗಡಿಗೆ ಹೋದೆ. ಅವ್ವನೂ ಬರುತ್ತೇನೆಂದಳು, ತೊಂಬತ್ತರ ಅಂಚಿನವಳನ್ನು ಆಟೋದಲ್ಲಿ ಕೂರಿಸಿಕೊಂಡು ಹೋದೆ. ಹುಡುಗ ಗೆರೆ, ಗೆದ್ದಲಿನ ಕಲೆ ಎಲ್ಲ ಅಳಿಸಿ ಲಕಲಕ ಮಾಡಿದ್ದ. ಆಮೇಲೆ ಹುರುಪಿನಿಂದ, “ಅಮ್ಮಾರ, ಮುಖದ ಜಾಗನೂ ತುಂಬಿಸಿಕೊಡ್ತೀನ್ರಿ. ನಿಮ್ಮ ಮನಿ ಯಾವುದಾದ್ರೂ ಸಣ್ಣ ಹುಡುಗಿ ಫೋಟೋ ಕೊಡ್ರಿ, ಹಂಗ ಕೂಡಿಸಿಬಿಡ್ತೀನಿ, ಗೊತ್ತs ಆಗೂದಿಲ್ಲ,” ಎಂದ.

ಅವ್ವ ಪರದೆಯ ಹತ್ತಿರ ಬಾಗಿ ನೋಡಿದಳು. ಮೊದಲು ಆಯಿಯನ್ನು, ಆಮೇಲೆ ಮಸುಕಾದ ಆ ಪುಟ್ಟ ಕೈಯನ್ನು.

“ಬ್ಯಾಡಪ್ಪಾ,” ಎಂದಳು. “ಅದು ನಮ್ಮವ್ವ ಮುಟ್ಟಿದ್ದು. ಇರ್ಲಿ.”

ಅವನು ಬಿಳಿ ಚಿಕ್ಕಿಯನ್ನು ಹಾಗೆಯೇ ಬಿಟ್ಟು ಅಚ್ಚು ಹಾಕಿದ. ನೂರಾ ಇಪ್ಪತ್ತು ರೂಪಾಯಿ ತೆಗೆದುಕೊಂಡ.